ಅಂಗವಿಕಲ ವೇತನ, ಕೊರೋನ ಪರಿಹಾರ: ಎರಡಕ್ಕೂ ಸೇರಿಸಿ ಒಂದು ರಿವ್ಯೂ (ಮಂಡ್ಯ ಕಡೆ ಅನುಭವ)

ಮೊದ್ಲೇ ಮಾರ್ಕ್ಸ್ ಹೇಳ್ಬಿಡ್ತೀನಿ, ಟೈಮ್ ಇಲ್ದೋರು ಇಲ್ಲಿಗೇ ನಿಲ್ಲಿಸ್ಬೋದು. ದುಡ್ಡು ಒಂದ್ಸಲ ಶುರುವಾದ್ಮೇಲೆ ಬರೋ ಕ್ರಮಕ್ಕೆ ಐದಕ್ಕೆ ಮೂರೂವರೆ. ಮೊತ್ತಕ್ಕೆ ಒಂದು. ಯಾವ ಲೆಕ್ಕದಲ್ಲಿ ಬರ್ತಿದೆ, ಯಾಕೆ ನಿಂತೋಯ್ತು, ಪಕ್ಕದ ಮನೆಯೋರಿಗೆ ಬಂದಿದ್ದು ನಮಗ್ಯಾಕೆ ಬರ್ಲಿಲ್ಲ ಅಂತ ಬಾಯಿಬಿಟ್ಟು ಹೇಳೋ ವಿಷ್ಯಕ್ಕೆ ದೊಡ್ಡ ಸೊನ್ನೆ.

ಫಲಾನುಭವಿ ನಾನಲ್ಲ, ನಮ್ಮ ಸೋದರಮಾವ. ಮಂಡ್ಯ ತಾಲ್ಲೂಕಿನ ಹಳ್ಳಿ, ಚಿಕ್ಕ ವಯಸ್ಸಲ್ಲೇ ಪೋಲಿಯೋ ಆಗಿ ಎಡಗಾಲು ಸಣ್ಣ ಆಗೋಗಿದೆ, ಮದ್ವೆ ಆಗಿಲ್ಲ, ಅಜ್ಜಿ ಜೊತೆ ಇರ್ತಾರೆ. ಕಬ್ಬಿನ ಸೀಸನ್ನಲ್ಲಿ ಆಲೆಮನೆ ಹತ್ರ ಕೂತು ಅಚ್ಚುಬೆಲ್ಲ ಎಣಿಸಿ ಲೆಕ್ಕ ಬರೀತಾರೆ, ಸೀಸನ್ ಮುಗಿದ್ರೆ ಆ ಕೆಲ್ಸಾನೂ ಇಲ್ಲ. ನಾನು ಮೈಸೂರಲ್ಲಿ ಇರೋದು, ಈ ಕಚೇರಿ ಬ್ಯಾಂಕ್ ಓಡಾಟ ಎಲ್ಲ ನನ್ನ ತಲೆ ಮೇಲೇ. ಹಂಗಾಗಿ ನಾನು ಬರೆಯೋದು ಕೌಂಟರ್ ಈಚೆ ಕಡೆ ನಿಂತೋರ ರಿವ್ಯೂ ಅಂತ ಓದ್ಕೊಳಿ.

ಏನು ಸಿಗುತ್ತೆ ಅನ್ನೋದು ಮೊದ್ಲು. ಕರ್ನಾಟಕದಲ್ಲಿ ಅಂಗವೈಕಲ್ಯ 40 ಪರ್ಸೆಂಟಿಂದ 75ರ ಒಳಗೆ ಇದ್ರೆ ತಿಂಗಳಿಗೆ 800 ರೂಪಾಯಿ, 75ರ ಮೇಲೆ ಇದ್ರೆ 1400, ಬುದ್ಧಿಮಾಂದ್ಯ ಥರದ ತೀವ್ರ ತೊಂದ್ರೆ 75ರ ಮೇಲಿದ್ರೆ 2000. ಆ 800 ಅನ್ನೋದು ಮೊದ್ಲು 600 ಇತ್ತು, 2021ರ ಜುಲೈ 28ಕ್ಕೆ ಬೊಮ್ಮಾಯಿ ಅವರು ಮುಖ್ಯಮಂತ್ರಿ ಆದ ದಿನವೇ ಜಾಸ್ತಿ ಮಾಡಿದ್ದು, ಅವತ್ತೇ ವಿಧವಾ ವೇತನ 600ರಿಂದ 800 ಆಯ್ತು, ಸಂಧ್ಯಾ ಸುರಕ್ಷಾ (ವಯಸ್ಸಾದೋರ ಪಿಂಚಣಿ) 1000ದಿಂದ 1200 ಆಯ್ತು. ಮನೆಯಲ್ಲಿ ಇಬ್ಬರಿಗೂ ಖುಷಿ, ಅಜ್ಜಿಗೆ ಸಂಧ್ಯಾ ಸುರಕ್ಷಾ ಬರ್ತಿತ್ತಲ್ಲ.

ಆದ್ರೆ ಅದೇ ಮನೆಯಲ್ಲಿ ಕೂತು ಲೆಕ್ಕ ಹಾಕಿದ್ರೆ ತಮಾಷೆ ಕಾಣುತ್ತೆ. ಅಜ್ಜಿಗೆ 1200, ಮಾವಂಗೆ 800. ಅಜ್ಜಿ ಇವತ್ತಿಗೂ ಕಣದಲ್ಲಿ ಹುರುಳಿ ಬಡಿಯೋಷ್ಟು ಗಟ್ಟಿ, ಮಾವ ಕೋಲಿಲ್ದೆ ಹಿತ್ತಲಿಗೆ ಹೋಗಲ್ಲ. ಅಜ್ಜಿಗೆ ಜಾಸ್ತಿ ಯಾಕೆ ಅಂತ ನನ್ನ ಪ್ರಶ್ನೆ ಅಲ್ಲ, ಅವ್ರಿಗೆ ಇನ್ನೂ ಬರ್ಲಿ. ಮಾವಂಗೆ ಯಾಕೆ ಕಮ್ಮಿ ಅನ್ನೋದು ಪ್ರಶ್ನೆ. ಮಾವ ಅಂತೂ "ಬುಡು ಮಗ, ನಂಗೂ ಅರವತ್ತೈದಾಗ್ಲಿ, ಆವಾಗ ನಾನೂ ದೊಡ್ ಮನ್ಸ ಆಯ್ತೀನಿ" ಅಂತ ನಗ್ತಾರೆ. ಕುಂಟ ಆಗಿದ್ದಕ್ಕಿಂತ ಮುದುಕ ಆದ್ರೇ ರೇಟ್ ಜಾಸ್ತಿ ಅಂತ ಅವರ ಲೆಕ್ಕ. ಲೆಕ್ಕ ಬರೆಯೋರಲ್ವಾ.

ಇದು ಬರೀ ನಮ್ಮ ಮನೆ ಗೊಣಗಾಟ ಅಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಅಂತ ಇದೆ, 2017ರ ಏಪ್ರಿಲಿಂದ ಜಾರಿಯಲ್ಲಿದೆ, ಅದರ 24ನೇ ಸೆಕ್ಷನ್ನಲ್ಲಿ ಬರೆದಿರೋದು ಏನಂದ್ರೆ ಸಾಮಾಜಿಕ ಭದ್ರತೆ ಸ್ಕೀಮಲ್ಲಿ ಬೇರೆಯವ್ರಿಗೆ ಎಷ್ಟು ಕೊಡ್ತೀರೋ ಅದೇ ಥರದ ಸ್ಕೀಮಲ್ಲಿ ಅಂಗವಿಕಲರಿಗೆ ಕನಿಷ್ಠ 25 ಪರ್ಸೆಂಟ್ ಜಾಸ್ತಿ ಕೊಡ್ಬೇಕು ಅಂತ. ಅಜ್ಜಿಯ 1200ನ್ನೇ ಹಿಡ್ಕೊಂಡ್ರೆ ಅದಕ್ಕೆ ಕಾಲು ಭಾಗ ಸೇರ್ಸಿ 1500 ಆಗ್ಬೇಕು. ಮಾವಂಗೆ 700 ಕಮ್ಮಿ. 75ರ ಮೇಲಿರೋ 1400ರೋರಿಗೂ ಇನ್ನೂ ನೂರು ಕಮ್ಮೀನೇ. ಅದೇ ಸೆಕ್ಷನ್ನಲ್ಲಿ ಸರ್ಕಾರ "ತನ್ನ ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ" ಸ್ಕೀಮ್ ಮಾಡ್ಬೇಕು ಅಂತಾನೂ ಒಂದು ಮಾತಿದೆ, ಜಾರ್ಕೊಳ್ಳೋಕೆ ಅಷ್ಟು ಜಾಗ ಸಾಕು. ಜೊತೆಗೆ ವೃದ್ಧರ ಸ್ಕೀಮ್ ಬೇರೆ ಅಂಗವಿಕಲರ ಸ್ಕೀಮ್ ಬೇರೆ, ಹೋಲಿಸಂಗಿಲ್ಲ ಅಂತಾನೂ ವಾದ ಮಾಡ್ಬೋದು. ಒಂದೇ ಇಲಾಖೆ, ಒಂದೇ ನಾಡಕಚೇರಿ ಕೌಂಟರ್, ಒಂದೇ ಥರದ ಅರ್ಜಿ, ಒಂದೇ ದಿನ ಜಾಸ್ತಿ ಮಾಡಿದ ದುಡ್ಡು, ಇದಕ್ಕಿಂತ ಒಂದೇ ಥರ ಇನ್ನೇನಿರುತ್ತೆ ಅಂತ ನಂಗಂತೂ ಗೊತ್ತಾಗಲ್ಲ.

ಈಗ ಸೇರ್ಕೊಳ್ಳೋ ವಿಧಾನ. ಮೊದ್ಲು ಬೇಕಾಗಿರೋದು ಯುಡಿಐಡಿ ಕಾರ್ಡು, ಅಂದ್ರೆ ಅಂಗವಿಕಲರಿಗೆ ಇಡೀ ದೇಶಕ್ಕೆ ಒಂದೇ ಥರದ ಗುರುತಿನ ಕಾರ್ಡು. 2021ರ ಜೂನಿಂದ ಅಂಗವೈಕಲ್ಯದ ಸರ್ಟಿಫಿಕೇಟ್ ಎಲ್ಲ ಯುಡಿಐಡಿ ಪೋರ್ಟಲಲ್ಲೇ ಕೊಡ್ಬೇಕು ಅಂತ ಕೇಂದ್ರ ಸರ್ಕಾರ ಕಡ್ಡಾಯ ಮಾಡ್ತು. ಮಾವಂಗೆ ಪಿಂಚಣಿ ಅದಕ್ಕೂ ಮುಂಚಿಂದಾನೇ ಬರ್ತಿತ್ತು, ಆದ್ರೆ ಹತ್ರ ಇದ್ದಿದ್ದು ಹಳೇ ಗುರುತಿನ ಚೀಟಿ, ಫೋಟೋದಲ್ಲಿ ಮೀಸೆ ಇನ್ನೂ ಕರ್ರಗಿರೋ ಕಾಲದ್ದು. ಅದು ನಡೆಯಲ್ಲ, ಹೊಸದು ಮಾಡಿಸ್ಬೇಕು ಅಂದ್ರು. ಸರಿ, ಆನ್‌ಲೈನಲ್ಲಿ ಹಾಕಿ ಒಂದು ಸರ್ಕಾರಿ ಆಸ್ಪತ್ರೆಗೆ (ಹೆಸ್ರು ಬೇಡ) ಕರ್ಕೊಂಡೋದ್ವಿ. ಬೋರ್ಡ್ ಕೂರೋದು ವಾರದಲ್ಲಿ ಇಂಥ ದಿನ ಅಂತ ಇರುತ್ತೆ, ಅವತ್ತು ಡಾಕ್ಟರ್ ರಜಾ ಇದ್ರೆ ಮುಂದಿನ ವಾರ. ಕಾಲಿಲ್ದೋರನ್ನ ಕಾಲು ನೋಡೋ ರೂಮಿಗೆ ಮಹಡಿ ಹತ್ತಿಸೋದು ಯಾರ ಐಡಿಯಾನೋ ಏನೋ, ಲಿಫ್ಟ್ ಇದೆ, ಆದ್ರೆ ಅದರಲ್ಲಿ ಸ್ಟ್ರೆಚರ್ ಹೋಗ್ತಿತ್ತು, ನೀವು ಆಮೇಲೆ ಬನ್ನಿ ಅಂದ್ರು. ಅಲ್ಲಿದ್ದ ಡಾಕ್ಟರಮ್ಮ ಮಾತ್ರ ಚಿನ್ನದಂಥೋರು, ಮಂಡಿ ಎಷ್ಟು ಮಡಚುತ್ತೆ, ಪಾದ ಎಷ್ಟು ಎತ್ತಕ್ಕಾಗುತ್ತೆ, ಸ್ನಾಯುಗೆ ಎಷ್ಟು ಬಲ ಇದೆ ಅಂತ ಒಂದೊಂದಾಗಿ ನೋಡಿ ಬರ್ಕೊಂಡ್ರು. ಕಾಲಿನ ಪರ್ಸೆಂಟೇಜು ಕಣ್ಣಂದಾಜಲ್ಲಿ ಹಾಕೋದಲ್ಲ, ಕೀಲು ಕೀಲಿಗೂ ಲೆಕ್ಕ ಇದೆ, ಅದಕ್ಕೆ ಕೇಂದ್ರದ ಗೈಡ್‌ಲೈನ್ಸೇ ಇದೆ. ಕೊನೆಗೆ ಮಾವಂದು 60 ಬಂತು.

ಇಲ್ಲಿ ಒಂದು ವಿಷ್ಯ ಎಲ್ರಿಗೂ ಕನ್ಫ್ಯೂಸ್ ಆಗುತ್ತೆ, ನಿಧಾನಕ್ಕೆ ಓದಿ. ಯುಡಿಐಡಿ ಕಾರ್ಡಲ್ಲಿ ಬಣ್ಣ ಇರುತ್ತೆ. 40ಕ್ಕಿಂತ ಕಮ್ಮಿ ಇದ್ರೆ ಬಿಳಿ, 40ರಿಂದ 80ರ ತನಕ ಹಳದಿ, 80ರ ಮೇಲೆ ನೀಲಿ. ಆದ್ರೆ ನಮ್ಮ ರಾಜ್ಯದ ಪಿಂಚಣಿ ಗೆರೆ ಇರೋದು 75ಕ್ಕೆ. ಹಂಗಾಗಿ ಹಳದಿ ಕಾರ್ಡಿನೋರಲ್ಲೇ ಕೆಲವ್ರಿಗೆ 800, ಕೆಲವ್ರಿಗೆ 1400. ಇನ್ನು ಕೇಂದ್ರದ ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲ ಪಿಂಚಣಿ ಅಂತ ಇದೆಯಲ್ಲ, 2009ರಲ್ಲಿ ಶುರುವಾಗಿದ್ದು, ಅದರ ಗೆರೆ 80ಕ್ಕೆ, ಅದೂ ಬಿಪಿಎಲ್ ಇರ್ಬೇಕು, ವಯಸ್ಸು 18 ದಾಟಿರ್ಬೇಕು. ಅಲ್ಲಿಗೆ ಒಂದೇ ಕಾಲಿಗೆ ಮೂರು ಗೆರೆ, 40, 75, 80. ನಮ್ಮ ಮಾವ ಮೊದಲನೇ ಗೆರೆ ದಾಟಿದೋರು, ಉಳಿದೆರಡಕ್ಕೆ ಈಚೆ ಕಡೆ. ಈ ಗೆರೆಗಳ ವಿಷ್ಯ ಅರ್ಜಿ ಹಾಕುವಾಗ ಯಾರೂ ಹೇಳಲ್ಲ, "ನಿಮಗೆ ಎಂಟ್ನೂರು ಬರುತ್ತೆ ಹೋಗಿ" ಅಂತಾರೆ ಅಷ್ಟೇ. ಇದು ಮುಂದೆ ಎಲ್ಲಿ ಕಚ್ಚುತ್ತೆ ಅಂತ ಆಮೇಲೆ ಹೇಳ್ತೀನಿ.

ಕಿವಿ, ಮಾತಿನ ತೊಂದ್ರೆ ಇರೋರಿಗೆ ಈ ವಿಷ್ಯದಲ್ಲಿ ಮೈಸೂರು ಕಡೆ ಇರೋದು ಒಂದು ಅದೃಷ್ಟ. ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ ಇದೆ, 1965ರಲ್ಲಿ ಶುರುವಾಗಿದ್ದು, ಬೇರೆ ಬೇರೆ ರಾಜ್ಯದಿಂದೆಲ್ಲ ಜನ ಬರ್ತಾರೆ. ನಮ್ಮ ಬೀದಿ ಹುಡುಗ ಒಬ್ಬಂಗೆ ಅಲ್ಲೇ ಟೆಸ್ಟ್ ಆಗಿದ್ದು, ಮಗೂಗೆ ಆಟ ಆಡಿಸ್ತಾ ಆಡಿಸ್ತಾನೇ ಪರೀಕ್ಷೆ ಮುಗಿಸಿದ್ರಂತೆ, ಅವರಮ್ಮ ಇವತ್ತಿಗೂ ಹೊಗಳ್ತಾರೆ.

ಎರಡನೇದು ಆದಾಯ ಪ್ರಮಾಣ ಪತ್ರ. ಪಿಂಚಣಿಗೆ ಕುಟುಂಬದ ವರ್ಷದ ಆದಾಯ 32,000 ದಾಟಂಗಿಲ್ಲ. ಕುಟುಂಬದ್ದು, ವರ್ಷದ್ದು, ಮತ್ತೆ ಓದಿ. ದಿನಕ್ಕೆ ತೊಂಬತ್ತು ರೂಪಾಯೀನೂ ಬೀಳಲ್ಲ. ನರೇಗಾದಲ್ಲಿ 2024-25ಕ್ಕೆ ಕರ್ನಾಟಕದ ಕೂಲಿ ದಿನಕ್ಕೆ 349 ಇತ್ತು, ಮನೆಯಲ್ಲಿ ಒಬ್ರು ಸರ್ಕಾರವೇ ಕೊಡ್ತೀನಿ ಅಂದ 100 ದಿನ ಪೂರ್ತಿ ಕೆಲ್ಸ ಮಾಡಿದ್ರೆ 34,900 ಆಗುತ್ತೆ. ಅಂದ್ರೆ ಸರ್ಕಾರದ ಒಂದು ಸ್ಕೀಮ್ ಪೂರ್ತಿ ಬಳಸ್ಕೊಂಡ್ರೆ ಸರ್ಕಾರದ್ದೇ ಇನ್ನೊಂದು ಸ್ಕೀಮಿಂದ ಆಚೆ! ಹಂಗಂತ ನೆಲದ ಮೇಲೆ ಏನಾಗುತ್ತೆ ಅಂತ ಎಲ್ರಿಗೂ ಗೊತ್ತು, ಗ್ರಾಮ ಲೆಕ್ಕಿಗರು (ವಿಎ ಅಂತಾರಲ್ಲ, ಈಗ ಹೆಸ್ರು ಗ್ರಾಮ ಆಡಳಿತ ಅಧಿಕಾರಿ) ಮನೆ ನೋಡ್ತಾರೆ, ಜನ ನೋಡ್ತಾರೆ, ಮಿತಿಗೆ ತಕ್ಕಂಗೆ ಒಂದು ಅಂಕಿ ಬೀಳುತ್ತೆ. ಒಳ್ಳೆ ಮನ್ಸಿನೋರಾದ್ರೆ ಬೇಗ ಬೀಳುತ್ತೆ, ಇಲ್ದಿದ್ರೆ ನಿಮಗೆ ಟೀ ಕುಡಿಸೋಕೆ ಬರಬೇಕು ಅಂತ ಅರ್ಥ ಆಗುತ್ತೆ. ನಡೆಯೋಕಾಗದ ರೂಲ್ಸ್ ಇಟ್ರೆ ಕೊಡೋ ಬಿಡೋ ಅಧಿಕಾರ ಪೂರ್ತಿ ಆ ಒಬ್ಬ ಮನುಷ್ಯನ ಕೈಗೆ ಹೋಗುತ್ತೆ, ಲಂಚ ಅಲ್ಲಿಂದಾನೇ ಹುಟ್ಟೋದು.

ಅರ್ಜಿ ಕೊಡೋದು ನಾಡಕಚೇರಿಯಲ್ಲಿ. ಆಧಾರ್, ರೇಷನ್ ಕಾರ್ಡ್, ಯುಡಿಐಡಿ, ಪಾಸ್‌ಬುಕ್ ಜೆರಾಕ್ಸು, ಫೋಟೋ. ಅಲ್ಲಿಂದ ವಿಎ, ಆಮೇಲೆ ಆರ್‌ಐ (ಕಂದಾಯ ನಿರೀಕ್ಷಕರು), ಆಮೇಲೆ ತಹಶೀಲ್ದಾರ್ ಆಫೀಸು. ಸರ್ವರ್ ಇದ್ದ ದಿನ ಆಪರೇಟರ್ ಇರಲ್ಲ ಅನ್ನೋದು ಎಲ್ಲಾ ಕಡೆ ಇರೋ ಹಳೇ ಕಥೆ, ಬಿಡಿ. ಮಂಜೂರಾತಿ ಆದೇಶ ಅಂತ ಒಂದು ಹಾಳೆ ಬರುತ್ತೆ, ಅದು ಮಾತ್ರ ಕೇಳಿ ಇಸ್ಕೊಳಿ, ಅವರಾಗೇ ಕೊಡಲ್ಲ. "ಅಕೌಂಟಿಗೆ ಬರುತ್ತೆ ಹೋಗ್ರಿ" ಅಂತಾರೆ, ಹೋಗ್ಬೇಡಿ.

ಈಗ ದುಡ್ಡು ಬರೋ ವಿಷ್ಯ, ಇದಕ್ಕೆ ನಾನು ಮೂರೂವರೆ ಕೊಟ್ಟಿರೋದು ಸುಮ್ನೆ ಅಲ್ಲ. ಮೊದ್ಲೆಲ್ಲ ಪೋಸ್ಟಲ್ಲಿ ಮನಿಆರ್ಡರ್ ಬರ್ತಿತ್ತು, ತಂದು ಕೊಡೋರಿಗೆ "ಕಾಫಿಗೆ" ಅಂತ ಒಂದಿಷ್ಟು ಮುರ್ಕೊಳ್ಳೋದು ಊರಿಗೆಲ್ಲ ಗೊತ್ತಿದ್ದ ವಿಷ್ಯ. ಈಗ ಆಧಾರ್ ಲಿಂಕ್ ಇರೋ ಅಕೌಂಟಿಗೆ ನೇರ ಬರುತ್ತೆ, ನಡುವೆ ಯಾರ ಕೈಯೂ ಇಲ್ಲ. ತಾರೀಖು ಹಿಂದೆ ಮುಂದೆ ಆಗುತ್ತೆ, ಒಂದೊಂದ್ಸಲ ಎರಡು ತಿಂಗಳದ್ದು ಒಟ್ಟಿಗೆ ಬೀಳುತ್ತೆ, ಆದ್ರೂ ಬರುತ್ತೆ. ಎಂಟ್ನೂರಲ್ಲಿ ಮಾವಂಗೆ ಬಿಪಿ ಮಾತ್ರೆ, ಕೋಲಿನ ತುದಿ ರಬ್ಬರು, ಫೋನ್ ರೀಚಾರ್ಜು ಆಗುತ್ತೆ, ಇನ್ನೊಬ್ರ ಹತ್ರ ಕೈ ಚಾಚೋಂಗಿಲ್ಲ. ಆಲೆಮನೆ ಇಲ್ಲದ ತಿಂಗಳಲ್ಲಿ ಅದರ ಬೆಲೆ ಗೊತ್ತಾಗೋದು. ಮೊತ್ತ ಚಿಕ್ಕದು ಅಂತ ನಾನು ಬೈತೀನಿ, ಆದ್ರೆ ಅದು ಅವರ ಹೆಸರಿಗೇ ಬರೋ ದುಡ್ಡು, ಅದನ್ನ ಅಲ್ಲಗಳೆಯೋಕೆ ಆಗಲ್ಲ.

ತೊಂದ್ರೆ ಶುರುವಾಗೋದು ಅದು ನಿಂತಾಗ. ಒಂದಿನ ನಿಂತೋಯ್ತು. ಯಾಕೆ ಅಂತ ಮೆಸೇಜ್ ಇಲ್ಲ, ಲೆಟರ್ ಇಲ್ಲ. ಬ್ಯಾಂಕಿಗೆ ಹೋದ್ರೆ "ಸರ್ಕಾರದಿಂದಾನೇ ಬಂದಿಲ್ಲ, ತಾಲ್ಲೂಕಾಫೀಸಿಗೆ ಹೋಗಿ" ಅಂದ್ರು. ತಾಲ್ಲೂಕಾಫೀಸಲ್ಲಿ "ನಮ್ಮ ಕಡೆಯಿಂದ ಹೋಗಿದೆ ನೋಡಿ, ಬ್ಯಾಂಕಲ್ಲಿ ಕೇಳಿ" ಅಂದ್ರು. ಮಾವ ಆ ಬಿಸಿಲಲ್ಲಿ ಕೋಲೂರ್ಕೊಂಡು ಮೆಟ್ಲು ಮೇಲೆ ಕೂತ್ಬಿಟ್ಟು "ಎಷ್ಟ್ ದಪ ಓಗದ್ಲಾ, ಇವ್ರು ಅವ್ರನ್ನ ತೋರಿಸ್ತಾರೆ ಅವ್ರು ಇವ್ರನ್ನ ತೋರಿಸ್ತಾರೆ, ನಾನೇನ್ ಚೆಂಡಾ" ಅಂದ್ರು. ಕೊನೆಗೆ ಗೊತ್ತಾಗಿದ್ದೇನು ಅಂದ್ರೆ ಯಾರೋ ಊರಿಗೆ ಬಂದು ಕ್ಯಾಂಪ್ ಹಾಕಿ ಎಲ್ರಿಗೂ ಜೀರೋ ಬ್ಯಾಲೆನ್ಸ್ ಅಕೌಂಟ್ ಮಾಡ್ಕೊಟ್ಟಿದ್ರು, ಹೆಬ್ಬೆಟ್ಟು ಒತ್ತಿಸ್ಕೊಂಡಾಗ ಆಧಾರ್ ಅಲ್ಲಿಗೆ ಜೋಡಣೆ ಆಗೋಗಿದೆ. ಆಧಾರ್ ಮೂಲಕ ಬರೋ ದುಡ್ಡು ಕೊನೆಯಲ್ಲಿ ಯಾವ ಬ್ಯಾಂಕಿಗೆ ಜೋಡಣೆ ಆಗಿದೆಯೋ ಅಲ್ಲಿಗೇ ಹೋಗೋದು. ದುಡ್ಡು ಕಳೆದಿರ್ಲಿಲ್ಲ, ಮಾವಂಗೆ ಇದೆ ಅಂತ ನೆನಪೇ ಇಲ್ಲದ ಅಕೌಂಟಲ್ಲಿ ಸುಮ್ನೆ ಕೂತಿತ್ತು.

ಇದನ್ನ ಕೌಂಟರಲ್ಲಿ ಕೂತೋರು ಎರಡು ನಿಮಿಷದಲ್ಲಿ ಹೇಳ್ಬೋದಿತ್ತು. ನಮಗೆ ಹೇಳಿದ್ದು ಆ ಗ್ರಾಮ ಪಂಚಾಯ್ತಿಯ ವಿಆರ್‌ಡಬ್ಲ್ಯೂ, ಅಂದ್ರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ. ಈ ಹುದ್ದೆಯೋರು ಇದ್ದಾರೆ ಅಂತಾನೇ ಎಷ್ಟೋ ಮನೆಗಳಿಗೆ ಗೊತ್ತಿಲ್ಲ. ಅವರೂ ಅಂಗವಿಕಲರೇ ಆಗಿರ್ತಾರೆ, ಸಂಬಳ ಅಲ್ಲ ಗೌರವಧನ, ತಾಲ್ಲೂಕಿಗೆ ಒಬ್ರು ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ, ಎಂಆರ್‌ಡಬ್ಲ್ಯೂ ಅಂತ ಇರ್ತಾರೆ. ನಮ್ಮೋರು ಮೂರು ಚಕ್ರದ ಸ್ಕೂಟರಲ್ಲಿ ಬಂದು ಜಗಲಿ ಮೇಲೆ ಕೂತು, ಫೋನಲ್ಲೇ ಆಧಾರ್ ಸೈಟಲ್ಲಿ ಯಾವ ಬ್ಯಾಂಕಿಗೆ ಜೋಡಣೆ ಆಗಿದೆ ನೋಡಿ, ಆಮೇಲೆ ಡಿಬಿಟಿ ಕರ್ನಾಟಕ ಅನ್ನೋ ಆಪ್ ಹಾಕ್ಕೊಟ್ಟು ಹೋದ್ರು, ಅದರಲ್ಲಿ ಸರ್ಕಾರದಿಂದ ಯಾವ ಸ್ಕೀಮಿನ ದುಡ್ಡು ಯಾವತ್ತು ಎಲ್ಲಿಗೆ ಹೋಗಿದೆ ಅಂತ ಕಾಣುತ್ತೆ. ಒಂದು ಲೋಟ ಮಜ್ಜಿಗೆ ಬಿಟ್ರೆ ಇನ್ನೇನೂ ಮುಟ್ಲಿಲ್ಲ. ಈ ಇಡೀ ಸರ್ವೀಸಲ್ಲಿ ಐದಕ್ಕೆ ಐದು ಕೊಡೋದಿದ್ರೆ ಅವರೊಬ್ರಿಗೇ, ಮತ್ತೆ ಎಲ್ರಿಗಿಂತ ಕಮ್ಮಿ ದುಡ್ಡು ತಗೊಳ್ಳೋರೂ ಅವರೇ.

ದುಡ್ಡು ತೆಗೆಯೋದೂ ಒಂದು ಕೆಲ್ಸ. ಊರಲ್ಲೇ ಹೆಬ್ಬೆಟ್ಟಿನ ಮೆಷಿನ್ ಇಟ್ಕೊಂಡಿರೋರು ಇರ್ತಾರೆ, ಅನುಕೂಲ ಖಂಡಿತ ಹೌದು, ಆದ್ರೆ ಮಾವಂಗೆ ಬೆಲ್ಲ ಎತ್ತಿ ಇಳಿಸಿ ಬೆರಳಿನ ಗೆರೆ ಸವೆದು ಮೆಷಿನ್ ಒಂದ್ಸಲಕ್ಕೆ ಒಪ್ಪಲ್ಲ. ಸೋಪಲ್ಲಿ ತೊಳಿ, ತಲೆಗೂದ್ಲಿಗೆ ಉಜ್ಜು, ಇನ್ನೊಂದು ಬೆರಳಿಡು. ಒಬ್ಬ ಪುಣ್ಯಾತ್ಮ ಪ್ರತಿ ಸಲ ಇಪ್ಪತ್ತು ರೂಪಾಯಿ ಹಿಡ್ಕೊಂಡು ಕೊಡ್ತಿದ್ದ, ಕೇಳಿದ್ರೆ ನೆಟ್ ಚಾರ್ಜು ಅಂತೆ. ಎಂಟ್ನೂರಲ್ಲಿ ಇಪ್ಪತ್ತು. ರಸೀದಿ ಕೊಡಪ್ಪ ಅಂದೆ, ಅವತ್ತಿಂದ ಚಾರ್ಜು ಇಲ್ಲ.

ಸರಿ, ಈಗ ಟೈಟಲಲ್ಲಿ ಹೇಳಿದ ಪರಿಹಾರಕ್ಕೆ ಬರ್ತೀನಿ, ಮೇಲೆ ಹೇಳಿದ ಗೆರೆಗಳೆಲ್ಲ ಕಚ್ಚಿದ್ದು ಇಲ್ಲೇ.

2020ರ ಮಾರ್ಚ್ 26ಕ್ಕೆ, ಲಾಕ್‌ಡೌನ್ ಶುರುವಾದ ಮಾರನೇ ದಿನ, ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು ಟಿವಿಯಲ್ಲಿ ಹೇಳಿದ್ರು, ಬಡ ವೃದ್ಧರು, ವಿಧವೆಯರು, ಅಂಗವಿಕಲರು ಸೇರಿ ಸುಮಾರು 3 ಕೋಟಿ ಜನಕ್ಕೆ 1000 ರೂಪಾಯಿ, ಮೂರು ತಿಂಗಳಲ್ಲಿ ಎರಡು ಕಂತಲ್ಲಿ ಅಂತ. ಊರಲ್ಲಿ ಆಲೆಮನೆ ಬಂದ್, ಕಬ್ಬು ಗದ್ದೆಯಲ್ಲೇ ನಿಂತಿದೆ, ಮಾವ ಟಿವಿ ಮುಂದೆ ಕೂತು "ಅಂಗವಿಕಲರು ಅಂದ್ರು ಕಣ್ಲಾ, ನಂಗೂ ಬತ್ತದೆ" ಅಂತ ಖುಷಿ. ಬಂತಾ? ಇಲ್ಲ.

ಯಾಕೆ ಅಂದ್ರೆ ಆ ದುಡ್ಡು ಹೋಗಿದ್ದು ಕೇಂದ್ರದ ಪಿಂಚಣಿ ಪಟ್ಟಿಯಲ್ಲಿ ಇದ್ದೋರಿಗೆ. ಅಂಗವಿಕಲರಲ್ಲಿ ಅಂದ್ರೆ 80ರ ಗೆರೆ ದಾಟಿದ ಬಿಪಿಎಲ್‌ನೋರು, ಕೇಂದ್ರ ತನ್ನ ಪಾಲು ಅಂತ ತಿಂಗಳಿಗೆ 300 ಕೊಡ್ತಿದ್ದ ಪಟ್ಟಿ. ಮಾವ ಇದ್ದಿದ್ದು ರಾಜ್ಯದ ದುಡ್ಡಲ್ಲೇ ನಡೆಯೋ ಪಟ್ಟಿಯಲ್ಲಿ. ಟಿವಿಯಲ್ಲಿ ಹೇಳಿದ್ದು "ಅಂಗವಿಕಲರು", ಕಂಪ್ಯೂಟರಲ್ಲಿ ಇದ್ದಿದ್ದು ಬೇರೆ. ಮೂರನೇ ಮನೆಯ ಅಕ್ಕಂಗೆ, ಎರಡೂ ಕಾಲು ಇಲ್ಲ, ನೀಲಿ ಕಾರ್ಡು, ಅವರಿಗೆ ಐನೂರು ಐನೂರು ಬಂತು. ಅವರಿಗೆ ಬಂದಿದ್ದು ನ್ಯಾಯವೇ. ಆದ್ರೆ ಊರಲ್ಲಿ ಆಗಿದ್ದೇನು, ಮಾವಂದು ಯಾರೋ ಹೊಡೆದವ್ರೆ, ಪಂಚಾಯ್ತಿಯೋರು ತಿಂದವ್ರೆ, ಅಂತ ಗುಸುಗುಸು. ಯಾರೂ ತಿಂದಿರ್ಲಿಲ್ಲ, ಮಾವಂಗೆ ಅಂತ ಆ ದುಡ್ಡು ಹೊರಟೇ ಇರ್ಲಿಲ್ಲ. ಆದೇಶದ ಹಾಳೆಯಲ್ಲಿ ಯಾವ ಸ್ಕೀಮು ಅಂತ ಒಂದು ಸಾಲು ಕನ್ನಡದಲ್ಲಿ ಓದಿ ಹೇಳಿದ್ರೆ ಇಷ್ಟು ಅನುಮಾನ, ಇಷ್ಟು ಜಗಳ ಆಗ್ತಿರ್ಲಿಲ್ಲ.

ಅದೇ ಹೊತ್ತಲ್ಲಿ ಜನಧನ್ ಖಾತೆ ಇದ್ದ ಹೆಂಗಸ್ರಿಗೆ ಏಪ್ರಿಲಿಂದ ಜೂನ್ ತನಕ ತಿಂಗಳಿಗೆ 500 ಬಂತು, ಅಜ್ಜಿ ಖಾತೆಗೂ ಬಂತು. ಮಾವಂದೂ ಜನಧನ್ ಖಾತೇನೇ, ಗಂಡಸ್ರಾದ್ದರಿಂದ ಇಲ್ಲ. ರಾಜ್ಯದಲ್ಲಿ ಯಡಿಯೂರಪ್ಪನವ್ರ ಸರ್ಕಾರ ಎರಡು ತಿಂಗಳ ಪಿಂಚಣಿ ಮುಂಗಡ ಕೊಡ್ತೀವಿ ಅಂತು. ಅದು ಆ ಹೊತ್ತಿಗೆ ಉಪಯೋಗಕ್ಕೆ ಬರೋದೇ, ಬೇಡ ಅನ್ನಲ್ಲ, ಆದ್ರೆ ಮುಂಗಡ ಅನ್ನೋದು ಪರಿಹಾರ ಅಲ್ಲ, ನಮ್ಮದೇ ದುಡ್ಡು ಸ್ವಲ್ಪ ಬೇಗ, ಆಮೇಲಿನ ತಿಂಗಳು ಜೇಬು ಖಾಲೀನೇ.

ಬೇರೆ ದೇಶದಲ್ಲಿ ಹೆಂಗೆ ಅಂತ ಕುತೂಹಲ ಇತ್ತು. ನಮ್ಮ ಚಿಕ್ಕಪ್ಪನ ಮಗಳು ಇಂಗ್ಲೆಂಡಲ್ಲಿ ವಯಸ್ಸಾದೋರನ್ನ ನೋಡ್ಕೊಳ್ಳೋ ಕೆಲ್ಸದಲ್ಲಿದ್ದಾಳೆ, ಅವಳು ಹೇಳಿದ್ದು. ಅಲ್ಲಿ 2022ರಲ್ಲಿ ಕರೆಂಟು ಗ್ಯಾಸು ರೇಟ್ ಗಗನಕ್ಕೇರಿದಾಗ ಅಂಗವಿಕಲ ಭತ್ಯೆ ತಗೊಳ್ತಿದ್ದ ಸುಮಾರು 60 ಲಕ್ಷ ಜನಕ್ಕೆ 150 ಪೌಂಡ್ ಕೊಟ್ರು, ಸೆಪ್ಟೆಂಬರ್ 20ರಿಂದ ಹಾಕೋಕೆ ಶುರು, 2023ರ ಬೇಸಿಗೆಯಲ್ಲಿ ಇನ್ನೊಂದು 150. ಅರ್ಜಿ ಇಲ್ಲ, ಜೆರಾಕ್ಸ್ ಇಲ್ಲ, ಪಿಪ್ ಅಂತ ಒಂದು ಭತ್ಯೆ ಇದೆಯಂತೆ, ಅದು ಬರೋ ಅಕೌಂಟಿಗೇ ತಾನಾಗೇ. ಕರೆಂಟಲ್ಲಿ ನಡೆಯೋ ಮಂಚ, ವೀಲ್‌ಚೇರ್ ಚಾರ್ಜಿಂಗ್, ಮನೆ ಬೆಚ್ಚಗಿಡೋದು, ಇದಕ್ಕೆಲ್ಲ ಅಂಗವಿಕಲರಿಗೆ ಖರ್ಚು ಜಾಸ್ತಿ ಅನ್ನೋದು ಕಾರಣ. ಕೇಳಿ ಹೊಟ್ಟೆ ಉರಿದಿದ್ದು ನಿಜ. ಆದ್ರೆ ಅಲ್ಲೂ ಪಟ್ಟಿಯ ಆಟ ಇದ್ದೇ ಇದೆ. ಮೊದಲನೇ ಸಲಕ್ಕೆ ಲೆಕ್ಕ ಹಿಡಿದಿದ್ದು 2022ರ ಮೇ 25, ಆ ದಿನಕ್ಕೆ ಭತ್ಯೆಗೆ ಅರ್ಹರಾಗಿದ್ದೋರಿಗೆ ಮಾತ್ರ, ಜೂನಲ್ಲಿ ಸ್ಟ್ರೋಕ್ ಹೊಡೆದು ಮಂಚ ಹಿಡಿದೋರಿಗೆ ಆ ಸಲದ್ದು ಇಲ್ಲ. ವ್ಯತ್ಯಾಸ ಒಂದೇ, ಅಲ್ಲಿ ಆ ತಾರೀಖು, ಯಾವ ಯಾವ ಭತ್ಯೆಗೆ ಬರುತ್ತೆ ಅನ್ನೋದನ್ನ ಮೊದ್ಲೇ ಬರೆದು ಹಾಕಿದ್ರು. ಬರಲ್ಲ ಅನ್ನೋದಾದ್ರೂ ಗೊತ್ತಾಗ್ತಿತ್ತು.

ನಂಗೆ ಅನ್ಸೋದು, ಕಷ್ಟಕಾಲದ ದುಡ್ಡು ಅನ್ನೋದು ಹೊಸ ಕಾಲುವೆ ತೋಡ್ಕೊಂಡು ಬರಲ್ಲ, ವಿಶ್ವೇಶ್ವರಯ್ಯ ನಾಲೆ ನೀರು ಹೆಂಗೆ ಮೊದ್ಲೇ ತೂಬು ಇರೋ ಗದ್ದೆಗೆ ಮಾತ್ರ ಹರಿಯುತ್ತೋ ಹಂಗೆ. ಹಂಗಾಗಿ ಮಳೆಗಾಲಕ್ಕೆ ಮುಂಚೆ, ಅಂದ್ರೆ ತೊಂದ್ರೆ ಏನೂ ಇಲ್ಲದ ಟೈಮಲ್ಲಿ, ನಮ್ಮ ಹೆಸ್ರು ಎಲ್ಲಿದೆ ನೋಡ್ಕೊಬೇಕು. ನಿಮ್ಮ ಮನೆಯಲ್ಲಿ 80ರ ಮೇಲಿರೋ ಕಾರ್ಡಿನೋರು ಇದ್ದು, ಬಿಪಿಎಲ್ ಇದ್ದು, ಆದೇಶದಲ್ಲಿ ಯಾವ ಸ್ಕೀಮು ಅಂತ ಇಲ್ಲಿವರೆಗೂ ನೋಡಿಲ್ಲ ಅಂದ್ರೆ ನಾಡಕಚೇರಿಗೆ ಹೋಗಿ ಅದೊಂದೇ ಪ್ರಶ್ನೆ ಕೇಳಿ: ಇದು ರಾಜ್ಯದ್ದಾ, ಕೇಂದ್ರದ್ದೂ ಸೇರಿದೆಯಾ. ತಿಂಗಳ ದುಡ್ಡಲ್ಲಿ ಇವತ್ತು ಏನೂ ವ್ಯತ್ಯಾಸ ಕಾಣದೆ ಇರ್ಬೋದು.

ಸಹಾಯವಾಣಿ ವಿಷ್ಯ: 155245 ಅಂತ ಇದೆ, 2022ರಲ್ಲಿ "ಹಲೋ ಕಂದಾಯ ಸಚಿವರೇ" ಅಂತ ಶುರು ಮಾಡಿದ್ದು, ಫೋನ್ ಮಾಡಿದ್ರೆ 72 ಗಂಟೆಯಲ್ಲಿ ಪಿಂಚಣಿ ಅಂತ ಆಗಿನ ಸಚಿವರು ಅಶೋಕ್ ಅವರು ಹೇಳಿದ್ರು. ನಮ್ಮ ಮಾವಂದು ಆಗ್ಲೇ ಮಂಜೂರಾಗಿದ್ರಿಂದ ನಾವು ಬಳಸ್ಲಿಲ್ಲ. ಪಕ್ಕದ ಊರಿನ ನಮ್ಮ ಸಂಬಂಧಿಕ್ರೊಬ್ರು ಮಾಡಿದ್ರು, ವಿಎ ಮನೆ ಬಾಗಿಲಿಗೇ ಬಂದು ಫೋಟೋ ತಗೊಂಡೋದ್ರಂತೆ. ಅಂಗವಿಕಲರ ಮನೆಗೆ ಕಚೇರಿ ಬರೋದು, ಕಚೇರಿಗೆ ಅಂಗವಿಕಲರು ಹೋಗೋದಲ್ಲ, ಈ ಐಡಿಯಾ ಮಾತ್ರ ಯಾವ ಸರ್ಕಾರ ಬಂದ್ರೂ ಬಿಡಬಾರ್ದು.

ಒಂದು ಸೈಡ್ ಗೊಣಗಾಟ, ಇದೂ ಲೆಕ್ಕಕ್ಕೆ ಸೇರುತ್ತೆ. ಕೆಎಸ್‌ಆರ್‌ಟಿಸಿ ಅಂಗವಿಕಲರ ರಿಯಾಯಿತಿ ಪಾಸ್ ಇದೆ, ವರ್ಷಕ್ಕೆ 660, ವಾಸ ಇರೋ ಜಾಗದಿಂದ 100 ಕಿಲೋಮೀಟರ್ ಒಳಗೆ ಎಷ್ಟು ಬೇಕಾದ್ರೂ ಓಡಾಡ್ಬೋದು. ನಿಜವಾಗ್ಲೂ ಒಳ್ಳೆ ಪಾಸ್, ಮಂಡ್ಯದಿಂದ ಮೈಸೂರಿಗೆ ಮಾವ ನಮ್ಮನೆಗೆ ಬರೋದು ಅದರಲ್ಲೇ. ಆದ್ರೆ 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು, ಅಜ್ಜಿಗೆ ಟಿಕೆಟ್ ಇಲ್ಲ, ನಂಗೂ ಇಲ್ಲ, ಕೋಲು ಹಿಡಿದಿರೋ ಮಾವ ಮಾತ್ರ ತಿಂಗಳ ಪಿಂಚಣಿಯಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಕೊಟ್ಟು ಪಾಸ್ ಮಾಡಿಸ್ಬೇಕು. ಒಂದೇ ಸೀಟಲ್ಲಿ ಮೂರು ಜನ ಕೂತಿದ್ರೆ ಕಂಡಕ್ಟರ್ ಕಾರ್ಡ್ ಕೇಳೋ ಆ ಮೂವರಲ್ಲಿ ದುಡ್ಡು ಕೊಟ್ಟಿರೋರು ಅವರೊಬ್ರೇ. ಶಕ್ತಿ ಬೇಡ ಅಂತಿಲ್ಲ ನಾನು, ನಾನೂ ಹೆಂಗಸೇ, ದಿನಾ ಓಡಾಡ್ತೀನಿ. ಆ 660 ಬಿಟ್ರೆ ನಿಗಮಕ್ಕೆ ಏನು ಕಮ್ಮಿ ಆಗುತ್ತೆ ಅಂತ ಅಷ್ಟೇ.

ಹೊಸದಾಗಿ ಅರ್ಜಿ ಹಾಕೋರಿಗೆ ಬೇಕಾಗಿರೋ ನಾಲ್ಕು ಮಾತು ಹೇಳಿ ಮುಗಿಸ್ತೀನಿ. ಆಸ್ಪತ್ರೆ ಬೋರ್ಡ್ ಯಾವ ದಿನ ಅಂತ ಫೋನ್ ಮಾಡಿ ಖಾತ್ರಿ ಮಾಡ್ಕೊಂಡೇ ಹೊರಡಿ, ತಿಂಡಿ ನೀರು ಕಟ್ಕೊಂಡೋಗಿ. ನಿಮ್ಮ ಪಂಚಾಯ್ತಿ ವಿಆರ್‌ಡಬ್ಲ್ಯೂ ಯಾರು ಅಂತ ಪಿಡಿಒ ಹತ್ರ ಕೇಳಿ ನಂಬರ್ ಇಟ್ಕೊಳಿ, ಸಿಟಿಯಲ್ಲಿ ಇದ್ರೆ ಯುಆರ್‌ಡಬ್ಲ್ಯೂ ಅಂತ ಇರ್ತಾರೆ. ಯಾರಾದ್ರೂ ಬಂದು ಫ್ರೀ ಅಕೌಂಟ್ ಮಾಡ್ಕೊಡ್ತೀನಿ ಹೆಬ್ಬೆಟ್ಟು ಒತ್ತಿ ಅಂದ್ರೆ ಮೊದ್ಲು ಆಧಾರ್ ಎಲ್ಲಿಗೆ ಜೋಡಿಸ್ತೀಯಪ್ಪ ಅಂತ ಕೇಳಿ. ಮಂಜೂರಾತಿ ಆದೇಶನ ಲ್ಯಾಮಿನೇಷನ್ ಮಾಡಿಸ್ಬೇಡಿ, ಹಿಂದ್ಗಡೆ ಸೀಲು ಹಾಕೋಕೆ ಆಗಲ್ಲ ಅಂತ ವಾಪಸ್ ಕಳಿಸಿದ್ದು ನೋಡಿದ್ದೀನಿ, ಫೋಟೋ ತೆಗ್ದು ಫೋನಲ್ಲಿ ಇಟ್ಕೊಳಿ ಸಾಕು.

ರಿನ್ಯೂವಲ್ ಪರಿಶೀಲನೆಗೆ ಈ ಸಲ ವಿಎ ಮನೆಗೇ ಬರ್ತಾರಂತೆ. ಬಂದ್ರೆ ಅರ್ಧ ಸ್ಟಾರ್ ಜಾಸ್ತಿ ಮಾಡ್ತೀನಿ.